ಎಲ್‌ಎಲ್‌ಆರ್ ಆನ್‌ಲೈನ್ ಟೆಸ್ಟ್: ಒಟಿಪಿ, ಪಾಸ್‌ವರ್ಡ್, ಕ್ಯಾಪ್ಚಾ ಕೈಕೊಟ್ಟಾಗ ದೋಷ ಹುಡುಕುವ ಕ್ರಮ

ಆಧಾರ್ ದೃಢೀಕರಣದ ಮೂಲಕ ಎಲ್‌ಎಲ್‌ಆರ್‌ಗೆ (ವಾಹನ ಕಲಿಯುವವರ ಪರವಾನಗಿಗೆ) ಅರ್ಜಿ ಹಾಕಿದವರು ಸಾರಿಗೆ ಸೇವೆಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಟೆಸ್ಟ್ ಬರೆಯಬಹುದು. ಸಿಗ್ನಲ್, ರಸ್ತೆ ಫಲಕಗಳ ಪ್ರಶ್ನೆಗಳಿಗೆ ತಡವರಿಸುವವರಿಗಿಂತ ಟೆಸ್ಟ್ ಪುಟದ ಬಾಗಿಲಲ್ಲೇ ನಿಂತುಬಿಡುವವರು ಹೆಚ್ಚು. ಕೇಳಿದರೆ ‘ಕೋಡ್ ಬರ್ತಿಲ್ಲ’ ಅನ್ನುತ್ತಾರೆ, ಇಲ್ಲವೇ ‘ಕೋಡ್ ತಗೋತಿಲ್ಲ’ ಅನ್ನುತ್ತಾರೆ. ಇವೆರಡೂ ಬೇರೆ ಬೇರೆ ಕಾಯಿಲೆಗಳು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಯಾವ ಕೋಡ್ ಎಂಬುದು. ಈ ಒಂದು ಅರ್ಜಿಯ ದಾರಿಯಲ್ಲೇ ನಾಲ್ಕು ಬಗೆಯ ಕೋಡ್‌ಗಳು ಎದುರಾಗುತ್ತವೆ. ಇವನ್ನು ಕಳಿಸುವವರಾಗಲಿ, ಇವು ತಲುಪುವ ಜಾಗವಾಗಲಿ ಎಲ್ಲಕ್ಕೂ ಒಂದೇ ಅಲ್ಲ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಯಾವ ಕೋಡ್ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಆಧಾರ್ ಒಟಿಪಿಯನ್ನು ಕಳಿಸುವುದು ಆಧಾರ್ ಪ್ರಾಧಿಕಾರ. ಆರು ಅಂಕಿಯ ಈ ಕೋಡ್ ಹೋಗುವುದು ಆಧಾರ್‌ಗೆ ಜೋಡಣೆಯಾದ ಮೊಬೈಲ್‌ಗೆ ಮಾತ್ರ. ಅರ್ಜಿಯಲ್ಲಿ ನೀವು ಬೇರೆ ಯಾವ ಸಂಖ್ಯೆ ಬರೆದಿದ್ದರೂ ಅದು ಲೆಕ್ಕಕ್ಕಿಲ್ಲ. ಸಾರಥಿಯದೇ ಒಟಿಪಿ ಹೋಗುವುದು ಅರ್ಜಿಯಲ್ಲಿ ನಮೂದಾದ ಮೊಬೈಲ್‌ಗೆ. ಟೆಸ್ಟ್ ಪಾಸ್‌ವರ್ಡ್ ಕೂಡ ಅದೇ ಸಂಖ್ಯೆಗೆ ಎಸ್‌ಎಂಎಸ್ ಆಗಿ ಬರುತ್ತದೆ, ಆದರೆ ಅದು ಒಟಿಪಿಯಂತೆ ಕೆಲ ನಿಮಿಷಗಳಲ್ಲಿ ಸಾಯುವಂಥದ್ದಲ್ಲ. ಕೊನೆಯದು ಕ್ಯಾಪ್ಚಾ. ಅದು ಎಲ್ಲಿಂದಲೂ ಬರುವುದಿಲ್ಲ, ಪುಟದಲ್ಲೇ ಚಿತ್ರವಾಗಿ ಮೂಡುತ್ತದೆ. ಹಾಗಾಗಿ ಕ್ಯಾಪ್ಚಾ ತಪ್ಪು ಎಂದು ಪುಟ ಹೇಳುತ್ತಿರುವಾಗ ಫೋನನ್ನು ಆಫ್ ಮಾಡಿ ಆನ್ ಮಾಡುವುದರಿಂದ ಏನೂ ಆಗದು.

ಪರದೆಯ ಮೇಲಿನ ದೋಷ ಸಂದೇಶವನ್ನು ಮುಚ್ಚುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಆಧಾರ್ ಹಂತದ ತಪ್ಪಾದರೆ ಕೆಲವೊಮ್ಮೆ ಮೂರಂಕಿಯ ಸಂಖ್ಯೆಯೂ ಕಾಣಿಸಿಕೊಳ್ಳುತ್ತದೆ, ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. 111 ಎಂದರೆ ಆ ಆಧಾರ್‌ಗೆ ಮೊಬೈಲ್ ಸಂಖ್ಯೆಯೇ ಜೋಡಣೆಯಾಗಿಲ್ಲ. 112 ಎಂದರೆ ಮೊಬೈಲೂ ಇಲ್ಲ, ಇಮೇಲೂ ಇಲ್ಲ. 400 ಬಂದರೆ ಹಾಕಿದ ಒಟಿಪಿ ತಪ್ಪು. 402 ಬಂದರೆ ಒಟಿಪಿ ಕೇಳಿದ ವಹಿವಾಟು ಒಂದು, ಒಟಿಪಿ ಹಾಕಿದ ವಹಿವಾಟು ಇನ್ನೊಂದು; ಎರಡು ಟ್ಯಾಬ್ ತೆರೆದಿಟ್ಟುಕೊಂಡು ಕೆಲಸ ಮಾಡುವವರನ್ನು ಕಾಡುವ ತಪ್ಪು ಇದು. 403 ಎಂದರೆ ತಪ್ಪು ಪ್ರಯತ್ನಗಳ ಮಿತಿ ಮೀರಿದೆ, ಹೊಸ ಒಟಿಪಿ ತರಿಸಬೇಕು. 952 ಎಂದರೆ ಮೇಲಿಂದ ಮೇಲೆ ಒಟಿಪಿ ಕೇಳಿದ್ದೀರಿ, ಸುಮ್ಮನೆ ಸ್ವಲ್ಪ ಹೊತ್ತು ಬಿಡಿ. 998 ಎಂದರೆ ಹಾಕಿದ ಆಧಾರ್ ಸಂಖ್ಯೆಯೇ ಸರಿಯಿಲ್ಲ.

ಆಧಾರ್ ಒಟಿಪಿ ಬರುತ್ತಿಲ್ಲ

ಇಲ್ಲಿ ಸಾಮಾನ್ಯ ಕಾರಣ ನೆಟ್‌ವರ್ಕ್ ಅಲ್ಲ, ಹಳೆಯ ಸಂಖ್ಯೆ. ಹತ್ತು ವರ್ಷದ ಹಿಂದೆ ಆಧಾರ್ ಮಾಡಿಸುವಾಗ ಅಪ್ಪನದೋ ಅಣ್ಣನದೋ ನಂಬರ್ ಕೊಟ್ಟು ಮರೆತಿರುತ್ತಾರೆ. ಆ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿರುತ್ತದೆ. ಬಂದ್ ಆದ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಅಂದರೆ ನಿಮ್ಮ ಒಟಿಪಿ ಈಗ ಯಾರೋ ಅಪರಿಚಿತರ ಫೋನಿನಲ್ಲಿ ಸದ್ದು ಮಾಡುತ್ತಿರಬಹುದು.

ಇದನ್ನು ಒಟಿಪಿ ಇಲ್ಲದೆಯೇ ಪರೀಕ್ಷಿಸಬಹುದು. ಮೈಆಧಾರ್ ಪೋರ್ಟಲ್‌ನಲ್ಲಿ ಆಧಾರ್ ಸಿಂಧುತ್ವ ಪರಿಶೀಲಿಸುವ ಸೇವೆ ಇದೆ, ಅದಕ್ಕೆ ಲಾಗಿನ್ ಬೇಡ. ಆಧಾರ್ ಸಂಖ್ಯೆ ಮತ್ತು ಕ್ಯಾಪ್ಚಾ ಹಾಕಿದರೆ ವಯಸ್ಸಿನ ಶ್ರೇಣಿ, ಲಿಂಗ, ರಾಜ್ಯದ ಜೊತೆಗೆ ಜೋಡಣೆಯಾದ ಮೊಬೈಲ್‌ನ ಕೊನೆಯ ಮೂರು ಅಂಕಿ ಕಾಣುತ್ತವೆ. ಆ ಮೂರು ಅಂಕಿ ನಿಮ್ಮ ಕೈಯಲ್ಲಿರುವ ಸಿಮ್‌ನವೇ ಆಗಿದ್ದರೆ ಮುಂದಿನ ಭಾಗಕ್ಕೆ ಹೋಗಿ. ಅಲ್ಲದಿದ್ದರೆ ಬೇರೆ ಯಾವ ಪ್ರಯೋಗವೂ ಬೇಡ, ಮೊಬೈಲ್ ಸಂಖ್ಯೆ ಬದಲಿಸುವುದೊಂದೇ ದಾರಿ. ಆಧಾರ್ ಸೇವಾ ಕೇಂದ್ರ, ಅಂಚೆ ಕಚೇರಿ, ಬ್ಯಾಂಕ್ ಶಾಖೆಗಳಲ್ಲಿರುವ ಆಧಾರ್ ಕೇಂದ್ರಗಳಲ್ಲಿ ಬೆರಳಚ್ಚು ಕೊಟ್ಟು ಸಂಖ್ಯೆ ಬದಲಿಸಿಕೊಳ್ಳಬಹುದು, ಅದಕ್ಕೆ ದಾಖಲೆ ಪತ್ರ ಕೇಳುವುದಿಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಇದನ್ನು ಮಾಡಿಕೊಡುವ ವ್ಯವಸ್ಥೆಯೂ ಇದೆ. ಹಳ್ಳಿಯಲ್ಲಿರುವವರಿಗೆ ತಾಲ್ಲೂಕು ಕೇಂದ್ರಕ್ಕೆ ಓಡುವುದಕ್ಕಿಂತ ಇದು ವಾಸಿ. ಬದಲಾವಣೆ ಆ ಕ್ಷಣಕ್ಕೇ ಜಾರಿಯಾಗುವುದಿಲ್ಲ. ಅವಸರವಿದ್ದರೆ ಆಧಾರ್ ಇಲ್ಲದ ದಾರಿಯಲ್ಲಿ ಅರ್ಜಿ ಹಾಕಿ ಆರ್‌ಟಿಒ ಕಚೇರಿಯಲ್ಲೇ ಟೆಸ್ಟ್ ಬರೆದುಬಿಡುವುದು ಬೇಗ ಮುಗಿಯುವ ಕೆಲಸ.

ಇನ್ನೊಂದು ಅಪರೂಪದ ಕಾರಣ, ನೀವೇ ಹಿಂದೊಮ್ಮೆ ಭದ್ರತೆಗೆಂದು ಆಧಾರ್ ಸಂಖ್ಯೆಗೆ ಬೀಗ ಹಾಕಿರುವುದು. ಬೀಗ ಬಿದ್ದ 12 ಅಂಕಿಯ ಸಂಖ್ಯೆಯಿಂದ ದೃಢೀಕರಣ ನಡೆಯದು. ಎಂಆಧಾರ್ ಆ್ಯಪ್ ಅಥವಾ ಮೈಆಧಾರ್‌ನಲ್ಲಿ ಬೀಗ ತೆಗೆದು ಮತ್ತೆ ಪ್ರಯತ್ನಿಸಿ. ಬಯೋಮೆಟ್ರಿಕ್ ಬೀಗ ಬೇರೆ, ಅದು ಒಟಿಪಿಯನ್ನು ತಡೆಯುವುದಿಲ್ಲ. ಅನುಮಾನವಿದ್ದರೆ 1947ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಸಂಖ್ಯೆ ಸರಿಯಿದೆ, ಆದರೂ ಎಸ್‌ಎಂಎಸ್ ಇಲ್ಲ

ಬೇರೊಂದು ಸೇವೆಯಿಂದ ಒಟಿಪಿ ತರಿಸಿ ನೋಡಿ, ನಿಮ್ಮ ಸಿಮ್ ಕಂಪನಿಯ ಆ್ಯಪ್ ಆದರೂ ಸರಿ, ಡಿಜಿಲಾಕರ್ ಆದರೂ ಸರಿ. ಗೆಳೆಯನಿಗೆ ಹೇಳಿ ಒಂದು ‘ಹಾಯ್’ ಮೆಸೇಜ್ ಹಾಕಿಸಿಕೊಂಡರೆ ಸಾಲದು. ವ್ಯಕ್ತಿಯಿಂದ ವ್ಯಕ್ತಿಗೆ ಬರುವ ಎಸ್‌ಎಂಎಸ್‌ನ ದಾರಿಯೇ ಬೇರೆ. ಸಂಸ್ಥೆಗಳ ಎಸ್‌ಎಂಎಸ್ ನೋಂದಾಯಿತ ತಲೆಬರಹ (ಕಳಿಸಿದವರ ಜಾಗದಲ್ಲಿ ಕಾಣುವ ಹೆಸರು), ನೋಂದಾಯಿತ ಒಕ್ಕಣೆಯ ತಪಾಸಣೆ ದಾಟಿ ಬರಬೇಕು. ಬೇರೆ ಸೇವೆಯ ಒಟಿಪಿ ತಕ್ಷಣ ಬಂತೆಂದರೆ ನಿಮ್ಮ ಫೋನು, ಸಿಮ್ಮು ಎರಡೂ ನಿರಪರಾಧಿ. ತಡವಾಗಿರುವುದು ಕಳಿಸುವ ಕಡೆ. ಅರ್ಧ ಗಂಟೆ ಬಿಟ್ಟು, ಅಥವಾ ದಟ್ಟಣೆ ಇಲ್ಲದ ಬೆಳಗಿನ ಹೊತ್ತಿನಲ್ಲಿ ಪ್ರಯತ್ನಿಸಿ. ಯಾವ ಒಟಿಪಿಯೂ ಬರಲಿಲ್ಲವೆಂದರೆ ದೋಷ ನಿಮ್ಮ ಕಡೆಯದು.

ಆಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಒಂದೆರಡು ದಿನದಲ್ಲಿ ಸಿಮ್ ಬದಲಿಸಿದ್ದೀರಾ? ಕಳೆದುಹೋದ ಸಿಮ್‌ಗೆ ಬದಲಿ ಪಡೆದರೆ, ಹಾಳಾದದ್ದನ್ನು ಹೊಸದು ಮಾಡಿಸಿದರೆ, ಇ-ಸಿಮ್‌ಗೆ ಹೋದರೆ, ಹೊಸ ಸಿಮ್ ಚಾಲೂ ಆದಾಗಿನಿಂದ 24 ಗಂಟೆ ಎಸ್‌ಎಂಎಸ್ ಒಳಬರುವುದೂ ಇಲ್ಲ, ಹೊರಹೋಗುವುದೂ ಇಲ್ಲ. ಸಿಮ್ ಕದ್ದು ಬ್ಯಾಂಕ್ ಖಾತೆ ಖಾಲಿ ಮಾಡುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ತಂದ ನಿಯಮ ಇದು. ಕರೆ, ಇಂಟರ್‌ನೆಟ್ ಎಲ್ಲ ಚೆನ್ನಾಗಿಯೇ ನಡೆಯುತ್ತಿರುವುದರಿಂದ ಯಾರಿಗೂ ಇದರ ಅನುಮಾನ ಬರುವುದಿಲ್ಲ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ, ಕಾಯಬೇಕು. ನಂಬರ್ ಪೋರ್ಟ್ ಮಾಡಿಸಿದ ಮೇಲೂ ಒಂದೆರಡು ದಿನ ಸಂಸ್ಥೆಗಳ ಎಸ್‌ಎಂಎಸ್ ಹಾದಿ ತಪ್ಪಬಹುದು.

ಎರಡನೆಯದು ಪ್ಲಾನ್. ವ್ಯಾಲಿಡಿಟಿ ಮುಗಿದರೆ ಮೊದಲು ಹೊರಹೋಗುವ ಸೇವೆ ನಿಲ್ಲುತ್ತದೆ, ಕೆಲ ದಿನಗಳ ಬಳಿಕ ಒಳಬರುವುದೂ ನಿಲ್ಲುತ್ತದೆ. ಎರಡು ಸಿಮ್ ಇಟ್ಟುಕೊಂಡು ಒಂದನ್ನು ಬರೀ ಆಧಾರ್‌ಗೆಂದು ಮೂಲೆಗೆ ಹಾಕಿದವರ ಕಥೆ ಇದು.

ಮೂರನೆಯದು ನೆಟ್‌ವರ್ಕ್ ನೋಂದಣಿ. ಈಗಿನ 4ಜಿ, 5ಜಿ ಫೋನಿನಲ್ಲಿ ಸಿಗ್ನಲ್ ಕಡ್ಡಿ ತುಂಬ ಇದ್ದೂ ಎಸ್‌ಎಂಎಸ್ ಬಾರದಿರುವುದು ಉಂಟು. ವೋಲ್ಟಿ (4ಜಿ ಮೂಲಕವೇ ಕರೆ ಸಾಗಿಸುವ) ಜಾಲದಲ್ಲಿ ಕರೆ ಮತ್ತು ಎಸ್‌ಎಂಎಸ್‌ಗೆ ಫೋನು ಪ್ರತ್ಯೇಕವಾಗಿ ನೋಂದಣಿಯಾಗಿರಬೇಕು, ಆ ನೋಂದಣಿ ಕಳಚಿಕೊಂಡರೂ ಇಂಟರ್‌ನೆಟ್ ಓಡುತ್ತಲೇ ಇರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ, ಮತ್ತೆ ನೋಂದಣಿಯಾಗುತ್ತದೆ. ವೋಲ್ಟಿ ಆಫ್ ಆಗಿದ್ದರೆ ಆನ್ ಮಾಡಿ, ಜಿಯೊ ಬಳಸುವವರಿಗಂತೂ ಇದು ಬೇಕೇ ಬೇಕು. ಮಲೆನಾಡಿನ ಮನೆಗಳಂತೆ ಒಳಗೆ ಸಿಗ್ನಲ್ ಸಿಗದ ಕಡೆ ವೈಫೈ ಕಾಲಿಂಗ್ ಆನ್ ಮಾಡಿದರೆ ಎಸ್‌ಎಂಎಸ್ ಕೂಡ ವೈಫೈ ಮೂಲಕ ಇಳಿಯುತ್ತದೆ.

ಯಾರೋ ಹೇಳಿದರೆಂದು ಮಾಡಿ ಸಮಯ ಕಳೆಯಬಾರದ ಎರಡು ಸಂಗತಿಗಳಿವೆ. ಫೋನಿನಲ್ಲಿ ಎಸ್‌ಎಂಎಸ್ ಸೆಂಟರ್ ಸಂಖ್ಯೆ ಬದಲಿಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಆ ಸಂಖ್ಯೆ ಬಳಕೆಯಾಗುವುದು ನೀವು ಕಳಿಸುವ ಎಸ್‌ಎಂಎಸ್‌ಗೆ, ನಿಮಗೆ ಬರುವುದಕ್ಕೆ ಅದರ ಸಂಬಂಧವೇ ಇಲ್ಲ. ಹಾಗೆಯೇ 1909ಕ್ಕೆ ಹೇಳಿ ಡಿಎನ್‌ಡಿ ತೆಗೆಸುವುದು. ಡಿಎನ್‌ಡಿ ತಡೆಯುವುದು ಜಾಹೀರಾತುಗಳನ್ನು, ಒಟಿಪಿಯನ್ನಲ್ಲ. ತೆಗೆಸಿದರೆ ಸಾಲ ಕೊಡುತ್ತೇವೆನ್ನುವ ಮೆಸೇಜುಗಳು ಹೆಚ್ಚುತ್ತವೆ, ಅಷ್ಟೇ.

ಬಂದಿದೆ, ಕಣ್ಣಿಗೆ ಬೀಳುತ್ತಿಲ್ಲ

ಆಂಡ್ರಾಯ್ಡ್‌ನ ಗೂಗಲ್ ಮೆಸೇಜಸ್‌ನಲ್ಲಿ ಬಲ ಮೇಲ್ತುದಿಯ ನಿಮ್ಮ ಚಿತ್ರ ಒತ್ತಿ, ಸ್ಪ್ಯಾಮ್ ಮತ್ತು ಬ್ಲಾಕ್ ಆದವುಗಳ ಕಡತ ತೆರೆಯಿರಿ. ಐಫೋನಿನಲ್ಲಿ ಅಪರಿಚಿತರ ಮೆಸೇಜು ಬೇರೆ ಪಟ್ಟಿಗೆ ಸರಿಸುವ ಆಯ್ಕೆ ಆನ್ ಇದ್ದರೆ ಆ ಪಟ್ಟಿ ನೋಡಿ. ಟ್ರೂಕಾಲರ್‌ನಂಥ ಆ್ಯಪ್ ಅನ್ನು ಮೆಸೇಜಿಗೆ ಮುಖ್ಯ ಆ್ಯಪ್ ಮಾಡಿಕೊಂಡಿದ್ದರೆ ಫೋನಿನದೇ ಮೆಸೇಜ್ ಆ್ಯಪ್‌ನಲ್ಲಿ ಹುಡುಕುತ್ತ ಕೂರಬೇಡಿ, ಆ ಆ್ಯಪ್ ಒಳಗಿನ ಸ್ಪ್ಯಾಮ್ ವಿಭಾಗ ತೆರೆಯಿರಿ. ಹಿಂದೊಮ್ಮೆ ಸಿಟ್ಟಿನಲ್ಲಿ ಬ್ಲಾಕ್ ಮಾಡಿದ ತಲೆಬರಹಗಳ ಪಟ್ಟಿಯನ್ನೂ ಒಮ್ಮೆ ನೋಡಿ. 2025ರಿಂದ ಇಂಥ ತಲೆಬರಹಗಳ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆ, ‘ಟಿ’ ಇದ್ದರೆ ವಹಿವಾಟು, ‘ಜಿ’ ಇದ್ದರೆ ಸರ್ಕಾರಿ. ಇದರಿಂದ ಹುಡುಕುವುದು ಸ್ವಲ್ಪ ಸುಲಭ.

ಮೆಸೇಜ್ ಬಂದ ಸದ್ದಾಗಿ, ತೆರೆದು ನೋಡುವಷ್ಟರಲ್ಲಿ ಮಾಯವಾಗಿದ್ದರೆ ಅದನ್ನು ಹಗುರಾಗಿ ಬಿಡಬೇಡಿ. ‘ಆರ್‌ಟಿಒ ಚಲನ್’ ಎಂಬ ಹೆಸರಿನ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಕಡತ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಇನ್‌ಸ್ಟಾಲ್ ಮಾಡಿದ ಫೋನುಗಳಲ್ಲಿ ಹೀಗಾಗುತ್ತದೆ. ಆ ಆ್ಯಪ್ ಎಸ್‌ಎಂಎಸ್ ಓದಿ ಬೇರೆಡೆ ಕಳಿಸುವುದಕ್ಕೇ ಹುಟ್ಟಿದ್ದು. ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಎಸ್ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆರೆದು, ಗುರುತಿಲ್ಲದ್ದನ್ನು ತೆಗೆದುಹಾಕಿ. ಎಲ್‌ಎಲ್‌ಆರ್ ಆಮೇಲೆ ನೋಡಿಕೊಳ್ಳೋಣ, ಮೊದಲು ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ.

ಕೋಡ್ ಬಂತು, ತಪ್ಪು ಅನ್ನುತ್ತಿದೆ

ಬಹಳ ಮಂದಿಯ ಎಡವಟ್ಟು ‘ಮತ್ತೆ ಕಳಿಸಿ’ ಗುಂಡಿಯದು. ಫೋನಿಗೆ ಸಿಗ್ನಲ್ ಇಲ್ಲದಾಗ ಕಂಪನಿಯ ಕೇಂದ್ರ ಎಸ್‌ಎಂಎಸ್‌ಗಳನ್ನು ಹಿಡಿದಿಟ್ಟುಕೊಂಡು ಆಗಾಗ ತಲುಪಿಸಲು ನೋಡುತ್ತದೆ. ಸಿಗ್ನಲ್ ಬಂದೊಡನೆ ಮೂರೋ ನಾಲ್ಕೋ ಒಟ್ಟಿಗೆ ಬೀಳುತ್ತವೆ, ಅದೂ ಕಳಿಸಿದ ಕ್ರಮದಲ್ಲೇ ಬೀಳಬೇಕೆಂದಿಲ್ಲ. ಹೊಸ ಒಟಿಪಿ ಹುಟ್ಟಿದ ಕೂಡಲೇ ಹಿಂದಿನದು ಸತ್ತಿರುತ್ತದೆ. ಮೇಲೆ ಕಂಡದ್ದನ್ನೇ ಹಾಕಿದರೆ ಅದು ಹಳೆಯದಾಗಿರಬಹುದು. ಸರಿಯಾದ ರೀತಿ ಹೀಗೆ: ಒಮ್ಮೆ ಮಾತ್ರ ಕೇಳಿ. ಮೂರು ನಿಮಿಷ ಕಾಯಿರಿ. ಬಾರದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆದು ಇನ್ನೆರಡು ನಿಮಿಷ ನೋಡಿ. ಆಮೇಲಷ್ಟೇ ಎರಡನೇ ಸಲ ಒತ್ತಿ. ಒಂದು ಗುಂಪೇ ಬಂದು ಬಿದ್ದರೆ ಅವನ್ನೆಲ್ಲ ಬಿಟ್ಟು ಹೊಸದೊಂದನ್ನು ತರಿಸಿ. ಆಧಾರ್ ಒಟಿಪಿಗೆ 10 ನಿಮಿಷ ಆಯುಸ್ಸು ಇರುವುದರಿಂದ ಮೂರು ನಿಮಿಷ ಕಾಯುವುದರಲ್ಲಿ ನಷ್ಟವಿಲ್ಲ.

ಕನ್ನಡ ಕೀಬೋರ್ಡ್ ಬಳಸುವವರಿಗೆ ಒಂದು ಎಚ್ಚರಿಕೆ. ಕೀಬೋರ್ಡ್ ಕನ್ನಡದಲ್ಲೇ ಇದ್ದು 482913 ಬದಲು ೪೮೨೯೧೩ ಬಿದ್ದರೆ ನಮ್ಮ ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಅಲ್ಲ. ಅಂಕಿಗಳು ಚುಕ್ಕಿಯಾಗಿ ಅಡಗುವ ಚೌಕದಲ್ಲಿ ಈ ತಪ್ಪು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಚಾಲೂ ಇದ್ದರೆ ಅದನ್ನೂ ಇಂಗ್ಲಿಷಿಗೆ ತಿರುಗಿಸಿಕೊಳ್ಳಿ. ಮೆಸೇಜಿನಿಂದ ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಖಾಲಿ ಜಾಗವೋ ಪೂರ್ಣವಿರಾಮವೋ ಅಂಟಿಕೊಂಡು ಬರುತ್ತದೆ, ಕೈಯಲ್ಲೇ ಟೈಪ್ ಮಾಡುವುದು ಒಳ್ಳೆಯದು.

ಟೆಸ್ಟ್ ಪಾಸ್‌ವರ್ಡ್‌ನದು ಬೇರೆ ತಕರಾರು

ಟೆಸ್ಟ್ ಲಾಗಿನ್ ಪುಟ ಕೇಳುವುದು ಅರ್ಜಿ ಸಂಖ್ಯೆ, ಜನ್ಮ ದಿನಾಂಕ, ಪಾಸ್‌ವರ್ಡ್ ಮತ್ತು ಕ್ಯಾಪ್ಚಾ. ಪಾಸ್‌ವರ್ಡ್ ಬಂದೇ ಇಲ್ಲ ಎನ್ನುವವರು ರಸ್ತೆ ಸುರಕ್ಷತೆಯ ವಿಡಿಯೊ ಪಾಠ ಮುಗಿದಿದೆಯೇ ಎಂದು ನೋಡಬೇಕು. ಪಾಠವನ್ನು ಕೊನೆಯವರೆಗೆ ನೋಡಿದ ಮೇಲೇ ಪಾಸ್‌ವರ್ಡ್ ಹೊರಡುವುದು. ನಡುವೆ ಟ್ಯಾಬ್ ಮುಚ್ಚಿದರೆ, ನೆಟ್ ಹೋದರೆ, ನಿಮ್ಮ ಲೆಕ್ಕದಲ್ಲಿ ಪಾಠ ಮುಗಿದಿದ್ದರೂ ಪೋರ್ಟಲ್‌ನ ಲೆಕ್ಕದಲ್ಲಿ ಮುಗಿದಿರುವುದಿಲ್ಲ. ಅರ್ಜಿಯ ಸ್ಥಿತಿ ತೆರೆದು ಯಾವ ಹಂತ ಬಾಕಿ ಇದೆ ಎಂದು ಓದಿಕೊಳ್ಳಿ, ಶುಲ್ಕ ಪಾವತಿ ಅರ್ಧದಲ್ಲಿ ನಿಂತಿದ್ದರೆ ಅದೂ ಅಲ್ಲೇ ಕಾಣುತ್ತದೆ.

ಡ್ರೈವಿಂಗ್ ಸ್ಕೂಲ್ ಅಥವಾ ಸೈಬರ್ ಸೆಂಟರ್‌ನವರಿಂದ ಅರ್ಜಿ ಹಾಕಿಸಿದ್ದರೆ ಸ್ವೀಕೃತಿ ಪತ್ರದಲ್ಲಿರುವ ಮೊಬೈಲ್ ಸಂಖ್ಯೆ ಯಾರದು ನೋಡಿ. ತಮ್ಮ ನಂಬರನ್ನೇ ಹಾಕಿಬಿಡುವ ರೂಢಿ ಹಲವರಿಗಿದೆ. ಆಗ ನಿಮ್ಮ ಪಾಸ್‌ವರ್ಡ್ ಅವರ ಫೋನಿನಲ್ಲಿ, ಹತ್ತಾರು ಜನರ ಪಾಸ್‌ವರ್ಡ್‌ಗಳ ನಡುವೆ ಬಿದ್ದಿರುತ್ತದೆ. ಸದ್ಯಕ್ಕೆ ಅವರಿಂದ ಕೇಳಿ ಪಡೆಯಬಹುದು, ಆದರೆ ಅಷ್ಟಕ್ಕೆ ಸುಮ್ಮನಾಗಬೇಡಿ. ಮುಂದೆ ಡಿಎಲ್ ಮಾಡಿಸುವಾಗಲೂ ಒಟಿಪಿ ಅವರಿಗೇ ಹೋಗುತ್ತದೆ, ಈಗಲೇ ಸಂಖ್ಯೆ ತಿದ್ದಿಸಿಕೊಳ್ಳಿ.

ಪಾಸ್‌ವರ್ಡ್ ಬಂದ ದಿನವೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಗೂಗಲ್ ಮೆಸೇಜಸ್‌ನಲ್ಲಿ ಒಟಿಪಿ ಮೆಸೇಜುಗಳನ್ನು 24 ಗಂಟೆಯ ಬಳಿಕ ತಾನಾಗಿ ಅಳಿಸುವ ಆಯ್ಕೆ ಇದೆ. ಅದು ಆನ್ ಇದ್ದು, ಪಾಸ್‌ವರ್ಡ್ ಬಂದ ಮೆಸೇಜೂ ಒಟಿಪಿ ಎಂದು ಲೆಕ್ಕವಾದರೆ, ಸೋಮವಾರ ಬಂದದ್ದು ಬುಧವಾರ ಟೆಸ್ಟ್‌ಗೆ ಕೂರುವಾಗ ಇರುವುದಿಲ್ಲ.

ಬಂದ ಪಾಸ್‌ವರ್ಡ್ ಹಿಡಿಸದಿದ್ದರೆ ಮೊದಲ ಅಕ್ಷರ ನೋಡಿ. ಫೋನಿನ ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ. ಸೊನ್ನೆ ಮತ್ತು ಇಂಗ್ಲಿಷಿನ ‘ಓ’, ಒಂದು ಅಂಕಿ ಮತ್ತು ಸಣ್ಣ ‘ಎಲ್’, ದೊಡ್ಡ ‘ಐ’ ಇವುಗಳ ಗೊಂದಲವಂತೂ ಇದ್ದದ್ದೇ. ನೋಟ್ಸ್ ಆ್ಯಪ್‌ನಲ್ಲಿ ಟೈಪ್ ಮಾಡಿ ಕಣ್ಣಾರೆ ಹೋಲಿಸಿ, ಆಮೇಲೆ ಅಲ್ಲಿಂದ ಅಂಟಿಸಿ. ಪಾಸ್‌ವರ್ಡ್ ಸರಿಯಿದ್ದೂ ವಿವರ ಹೊಂದುತ್ತಿಲ್ಲ ಎಂದು ಬಂದರೆ ತಪ್ಪಿರುವುದು ಜನ್ಮ ದಿನಾಂಕ. ಆಧಾರ್ ಮೂಲಕ ಅರ್ಜಿ ಹಾಕಿದಾಗ ದಿನಾಂಕ ಆಧಾರ್‌ನಿಂದಲೇ ಬಂದಿರುತ್ತದೆ. ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬೇರೆ ತಾರೀಖು ಇದ್ದರೂ ಇಲ್ಲಿ ಬೇಕಾದದ್ದು ಅರ್ಜಿಯಲ್ಲಿ ಅಚ್ಚಾಗಿರುವುದೇ, ಮೊದಲು ದಿನ, ಆಮೇಲೆ ತಿಂಗಳು.

ಕ್ಯಾಪ್ಚಾ ಸರಿಯಾಗಿ ಹಾಕಿದರೂ ತಪ್ಪು

ಚಿತ್ರದಲ್ಲಿ ಕಾಣುವ ಅಕ್ಷರಗಳ ಉತ್ತರವನ್ನು ಸರ್ವರ್ ನಿಮ್ಮ ಸೆಷನ್ ಜೊತೆ ಕಟ್ಟಿಟ್ಟುಕೊಂಡಿರುತ್ತದೆ. ಇನ್ನೊಂದು ಟ್ಯಾಬ್‌ನಲ್ಲಿ ಅದೇ ಪುಟ ತೆರೆದರೆ ಹೊಸ ಉತ್ತರ ಹಳೆಯದರ ಮೇಲೆ ಕೂರುತ್ತದೆ. ಮೊದಲ ಟ್ಯಾಬ್‌ನ ಚಿತ್ರ ಹಾಗೇ ಇದ್ದರೂ ಅದಕ್ಕೆ ಬೆಲೆ ಇಲ್ಲ. ಬ್ರೌಸರ್‌ನ ಹಿಂದಕ್ಕೆ ಗುಂಡಿ ಒತ್ತಿ ಬಂದರೂ ಹೀಗೇ, ಕಾಣುವುದು ಬ್ರೌಸರ್ ಉಳಿಸಿಟ್ಟ ಹಳೆಯ ಚಿತ್ರ. ಪೋರ್ಟಲ್‌ನ ಎಲ್ಲ ಟ್ಯಾಬ್ ಮುಚ್ಚಿ, ಒಂದನ್ನು ಮಾತ್ರ ಹೊಸದಾಗಿ ತೆರೆದು, ಚಿತ್ರದ ಪಕ್ಕದ ಸುತ್ತುಬಾಣ ಒತ್ತಿ ಹೊಸ ಕ್ಯಾಪ್ಚಾ ತರಿಸಿ. ಬೇರೆಲ್ಲ ಚೌಕ ತುಂಬಿದ ಮೇಲೆ ಕೊನೆಗೆ ಕ್ಯಾಪ್ಚಾ ಹಾಕಿ. ಕ್ಯಾಪ್ಚಾ ಮೊದಲೇ ಹಾಕಿಟ್ಟು ಪಾಸ್‌ವರ್ಡ್ ಹುಡುಕಲು ಎದ್ದುಹೋದರೆ ವಾಪಸ್ ಬರುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆದು ನೋಡಿ. ಅಲ್ಲಿ ಕೆಲಸವಾದರೆ ದೋಷ ಹಳೆಯ ಕುಕೀಗಳದೋ ಎಕ್ಸ್‌ಟೆನ್ಶನ್‌ದೋ. ಆ ಜಾಲತಾಣದ ಕುಕೀ ಮಾತ್ರ ಅಳಿಸಿದರೆ ಸಾಕು, ಇಡೀ ಬ್ರೌಸರ್ ಗುಡಿಸಬೇಕಿಲ್ಲ. ಕ್ರೋಮ್ ಪುಟವನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದರೆ ನಿಲ್ಲಿಸಿ. ಅನುವಾದ ಪುಟದ ಒಳಗಿನ ಪಠ್ಯವನ್ನೇ ಬದಲಿಸುವುದರಿಂದ ಫಾರಂ ಕೆಲವೊಮ್ಮೆ ಕೈಕೊಡುತ್ತದೆ. ಟೆಸ್ಟ್‌ಗೆ ಕನ್ನಡವನ್ನು ಪೋರ್ಟಲ್‌ನಲ್ಲೇ ಆಯ್ದುಕೊಳ್ಳಬಹುದು, ಕ್ರೋಮ್‌ನ ಉಪಕಾರ ಬೇಡ. ಚಿತ್ರವೇ ಮೂಡದಿದ್ದರೆ, ಪುಟವೇ ತೆರೆಯದಿದ್ದರೆ ವಿಪಿಎನ್ ಆಫ್ ಮಾಡಿ. ವಿದೇಶಿ ವಿಳಾಸದಿಂದ ಬಂದವರಿಗೆ ಬಾಗಿಲು ಹಾಕುವ ಸರ್ಕಾರಿ ತಾಣಗಳಿವೆ.

ಹಳೆಯ ಡೆಸ್ಕ್‌ಟಾಪ್‌ನಲ್ಲಿ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬಂದರೆ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಲವು ವರ್ಷ ಹಿಂದೆ ಹೋಗಿ ನಿಲ್ಲುತ್ತದೆ, ಆಗ ಜಾಲತಾಣದ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲವೆಂದು ಬ್ರೌಸರ್ ತಿಳಿಯುತ್ತದೆ. ದಿನಾಂಕ ಸರಿಪಡಿಸಿದರೆ ತಾತ್ಕಾಲಿಕ ಪರಿಹಾರ, 3 ವೋಲ್ಟಿನ 2032 ಅಳತೆಯ ಸೆಲ್ ಹಾಕಿದರೆ ಕಾಯಂ.

ಎಲ್ಲ ಕೋಡ್ ದಾಟಿ ಮುಖ ಗುರುತಿಸುವ ಹಂತದಲ್ಲಿ ನಿಂತರೆ ಅದು ಕೋಡಿನ ದೋಷವಲ್ಲ. ಬ್ರೌಸರ್‌ನ ಮೇಲಿನ ವಿಳಾಸ ಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ ಕ್ಯಾಮೆರಾಕ್ಕೆ ಅನುಮತಿ ಕೊಡಿ, ಬೆಳಕಿಗೆ ಬೆನ್ನು ಹಾಕಿ ಕೂರಬೇಡಿ, ಕ್ಯಾಮೆರಾ ಬಳಸುತ್ತಿರುವ ಬೇರೆ ಆ್ಯಪ್ ಮುಚ್ಚಿ.

ದೂರು ಕೊಡುವಾಗ

ಆರ್‌ಟಿಒ ಕಚೇರಿಗೋ ಪೋರ್ಟಲ್‌ನ ಸಹಾಯವಾಣಿಗೋ ಹೋಗುವುದಾದರೆ ‘ಲಾಗಿನ್ ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ‘ಇನ್ನೊಮ್ಮೆ ಟ್ರೈ ಮಾಡಿ’ ಎಂಬ ಉತ್ತರವೇ ಸಿಗುವುದು. ಅರ್ಜಿ ಸಂಖ್ಯೆ, ಯಾವ ಕೋಡ್, ಯಾವ ದಿನ ಎಷ್ಟು ಗಂಟೆಗೆ ಕೇಳಿದ್ದು, ಪರದೆಯಲ್ಲಿ ಬಂದ ಸಂದೇಶದ ಸ್ಕ್ರೀನ್‌ಶಾಟ್, ಸಿಮ್ ಯಾವ ಕಂಪನಿಯದು, ಬೇರೆ ಸೇವೆಯ ಒಟಿಪಿ ಬರುತ್ತಿದೆಯೋ ಇಲ್ಲವೋ, ಇಷ್ಟನ್ನು ಬರೆದುಕೊಡಿ. ಆಧಾರ್ ಸಂಖ್ಯೆ ಪೂರ್ತಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಒಟಿಪಿಯನ್ನಾಗಲಿ ಟೆಸ್ಟ್ ಪಾಸ್‌ವರ್ಡನ್ನಾಗಲಿ ದೂರಿನಲ್ಲಿ ಬರೆಯಬೇಡಿ, ಫೋನ್ ಮಾಡಿ ಕೇಳಿದರೂ ಹೇಳಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ಅವು ಕಾಣುತ್ತಿದ್ದರೆ ಆ ಭಾಗ ಕತ್ತರಿಸಿ ಕಳಿಸಿ.